ಜವೆಗೋಧಿಯ ರೊಟ್ಟಿ

ಶಿಲ್ಲೇಮ ಗಡಿಕಲ್ಲಿನಾಚೆ ಒಂದು ಕಾಲಿಟ್ಟ. ಆಲಿವ್ ಮರದ ಕೆಳಗಿದ್ದವನು ಕತ್ತಿ ಹಿಡಿದು ಎದ್ದ. ಶಿಲ್ಲೇಮ ಕಾಲು ಹಿಂದೆಳೆದುಕೊಂಡ. ಕತ್ತಿಯವನು ಮತ್ತೆ ಕುಳಿತ.

ಬೆಳಗಿನಿಂದ ಇದು ನಾಲ್ಕನೆಯ ಸಲ.

"ಸಾಯ್ಬೇಕು ಅನ್ಸಿದ್ರೆ ಒಂದೇ ಸಲ ಹೋಗಿ ಸಾಯಿ. ನಿನ್ನ ಕುಣಿತ ನೋಡಿ ನಂಗೆ ತಲೆ ಸುತ್ತುತ್ತೆ," ಎಂದ ಬುಕ್ಕಿ. ಶಿಲ್ಲೇಮನ ಹಾಗೆ ಅವನೂ ಕೈತಪ್ಪಿ ಒಬ್ಬನನ್ನು ಕೊಂದು ಆಶ್ರಯನಗರ ಕೆದೆಷಿಗೆ ಓಡಿಬಂದವನು. ಹಲ್ಲೆಲ್ಲ ಉದುರಿದ್ದವು, ನಾಲಿಗೆಗೆ ಮಾತ್ರ ಮುಪ್ಪು ಬಂದಿರಲಿಲ್ಲ.

"ಯೆಮೀಮ ರಕ್ತ ಕಾರ್ತಿದ್ದಾಳೆ ತಾತ. ಕೊಯ್ಲಿನವರೆಗೂ ಉಳಿಯಲ್ವಂತೆ. ಒಂದ್ಸಲ ನನ್ನ ಮುಖ ನೋಡ್ಬೇಕು ಅಂತ ಕುರುಬನ ಹತ್ರ ಹೇಳಿ ಕಳ್ಸಿದ್ದಾಳೆ."

ಶಿಲ್ಲೇಮನ ಊರು ಎರಡು ದಿನದ ದಾರಿ. ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳಲು ಅಲ್ಲೇ ಉಳಿದಿದ್ದ ಹೆಂಡತಿ ಯೆಮೀಮ ಈಗ ತಾನೂ ಹಾಸಿಗೆ ಹಿಡಿದಿದ್ದಳು. ಅವಳನ್ನು ಹೊತ್ತು ತರುವ ಹಾಗಿಲ್ಲ. ಇವನು ಹೋಗುವ ಹಾಗಿಲ್ಲ.

ಏಳು ವರ್ಷದ ಹಿಂದೆ ಕಾಡಿನಲ್ಲಿ ಮರ ಕಡಿಯುವಾಗ ಶಿಲ್ಲೇಮನ ಕೊಡಲಿ ಕಾವಿನಿಂದ ಕಳಚಿ ಹಾರಿತ್ತು. ಪಕ್ಕದಲ್ಲಿದ್ದ ಕೂಲಿಯವನು ಅಲ್ಲೇ ಬಿದ್ದ. ಅಂದು ಬೆಳಿಗ್ಗೆಯಷ್ಟೇ ಜೊತೆಯಾದವನು. ಯಾವ ಊರೋ, ಯಾರ ಮಗನೋ. ಯೇಚೆರ್ ಎಂಬ ಹೆಸರು ಕೂಡ ತಿಳಿದದ್ದು ಆಮೇಲೆ. ಅವನ ಅಣ್ಣ ಅಹೀರ ಕತ್ತಿ ಹಿರಿದು ಕೆದೆಷಿನ ಬಾಗಿಲವರೆಗೂ ಬೆನ್ನಟ್ಟಿ ಬಂದ. ಹಿರಿಯರು ವಿಚಾರಿಸಿ, ಹಗೆಯಿಂದ ಕೊಂದದ್ದಲ್ಲ ಎಂದು ತೀರ್ಪು ಕೊಟ್ಟರು. ಯೆಹೋವನ ಒಡಂಬಡಿಕೆಯಲ್ಲಿ ಇದಕ್ಕೆ ಕಟ್ಟಳೆಯಿತ್ತು. ಗಡಿಯೊಳಗೆ ಶಿಲ್ಲೇಮನನ್ನು ಮುಟ್ಟುವಂತಿಲ್ಲ. ಗಡಿ ದಾಟಿದರೆ ಅಹೀರ ಕೊಂದರೂ ದೋಷವಿಲ್ಲ. ಅದಕ್ಕೇ ಅವನು ಅಂದಿನಿಂದ ಆ ಆಲಿವ್ ಮರದ ಕೆಳಗೆ ಕಾದು ಕುಳಿತಿದ್ದ. ನಾಡಿನ ಮಹಾಯಾಜಕ ಸತ್ತ ದಿನ ಈ ಕಟ್ಟು ಬಿಡುತ್ತದೆ: ಕೊಂದವನೂ ಮನೆಗೆ, ಕೊಲ್ಲಲು ಕಾದವನೂ ಮನೆಗೆ.

ಹಾಗಾಗಿ ಕೆದೆಷಿಗೆ ಓಡಿಬಂದವರದೆಲ್ಲ ಒಂದೇ ಪ್ರಾರ್ಥನೆ: ಮಹಾಯಾಜಕ ಬೇಗ ಸಾಯಲಿ. ಅಂಥ ನಿರಪರಾಧಿಗಳ ಮೊರೆ ಯೆಹೋವನ ಕಿವಿಗೆ ಬೇಗ ಬೀಳುತ್ತದೆಂದು ಜನರ ನಂಬಿಕೆ. ಆ ಭಯಕ್ಕೇ ಮಹಾಯಾಜಕರ ತಾಯಂದಿರು ಆಶ್ರಯನಗರಗಳಿಗೆ ರೊಟ್ಟಿ, ಬಟ್ಟೆ ತಂದು ಕೊಡುವುದುಂಟು. ತಿಂದವನು ಕೊಟ್ಟವಳ ಮಗನ ಸಾವನ್ನು ಹೇಗೆ ಬೇಡಿಯಾನು?

ಶಿಲ್ಲೇಮ ಬಂದ ಮರುವರ್ಷ ಒಬ್ಬ ಮುದುಕಿ ಬಂದಳು. ಬರಿಗಾಲು, ಬೆನ್ನ ಮೇಲೆ ಗಂಟು. ಅವನ ಹೆಸರು ವಿಚಾರಿಸಿಕೊಂಡು ನೇರವಾಗಿ ಬಂದು ನಾಲ್ಕು ರೊಟ್ಟಿಯನ್ನೂ ಒಂದು ಉಣ್ಣೆಯ ಅಂಗಿಯನ್ನೂ ಅವನ ಮಡಿಲಿಗೆ ಹಾಕಿದಳು.

"ತಿನ್ನಪ್ಪ. ನನ್ನ ಮಗನ ಬದುಕು ನಿನ್ನ ಪ್ರಾರ್ಥನೆ ಮೇಲೆ ನಿಂತಿದೆ," ಎಂದಳು. ಅವಳ ಕಣ್ಣು ತುಂಬಿತ್ತು.

ಶಿಲ್ಲೇಮ ಕರಗಿಹೋದ. "ಆಗ್ಲಮ್ಮ," ಎಂದು ಕೈಯೆತ್ತಿ ಮಾತು ಕೊಟ್ಟ.

ಆಮೇಲೆ ತಿಂಗಳಿಗೊಮ್ಮೆ ತಪ್ಪದೆ ಬಂದಳು. "ಮರೆತಿಲ್ಲ ತಾನೆ?" ಎನ್ನುವಳು. "ಇಲ್ಲಮ್ಮ," ಎನ್ನುವನು. ನಗರದ ಹಿರಿಯರು ಹಾದುಹೋದರೂ ತಲೆಯೆತ್ತದ ಅಹೀರ ಅವಳನ್ನು ಕಂಡರೆ ಮರದ ಕೆಳಗಿಂದ ಎದ್ದು ನಿಲ್ಲುತ್ತಿದ್ದ. ದೊಡ್ಡ ಮನೆತನಕ್ಕೆ ಸಿಗುವ ಮರ್ಯಾದೆಯೇ ಬೇರೆ ಎಂದುಕೊಂಡ ಶಿಲ್ಲೇಮ.

ಬುಕ್ಕಿಗೆ ಹೊಟ್ಟೆಯುರಿ. "ಮಹಾಯಾಜಕನ ಮನೇಲಿ ಗೋಧಿಗೆ ಬರ ಬಂತಾ? ಕತ್ತೆ ತಿನ್ನೋ ಜವೆಗೋಧಿ ರೊಟ್ಟಿ ತರ್ತಾಳೆ. ಅದೂ ನಿಂಗೊಬ್ಬನಿಗೇ. ನಾನೇನು ಪಾಪ ಮಾಡಿದ್ದೆ?"

"ನಿನ್ನ ಪ್ರಾರ್ಥನೆಗೆ ಯಾರು ಹೆದರ್ತಾರೆ ತಾತ? ಹಲ್ಲಿಲ್ಲದೆ ಅರ್ಧ ಮಾತು ಗಾಳಿಗೆ ಹೋಗುತ್ತೆ."

ನಗೆಯಾಡಿದರೂ ಶಿಲ್ಲೇಮ ಮಾತಿಗೆ ತಪ್ಪುವ ಆಸಾಮಿಯಲ್ಲ. ಸಾವು ಬೇಡುವುದನ್ನು ಅಂದೇ ಬಿಟ್ಟಿದ್ದ. ಬಿಟ್ಟದ್ದಷ್ಟೇ ಅಲ್ಲ, ಮಹಾಯಾಜಕನ ಆಯುಸ್ಸು ಹೆಚ್ಚಲಿ ಎಂದು ದಿನಕ್ಕೆ ಮೂರು ಹೊತ್ತು ಬೇಡಿದ. ಈ ಆರು ವರ್ಷದಲ್ಲಿ ಮಹಾಯಾಜಕ ಮೂರು ಸಲ ಜ್ವರ ಬಂದು ಮಲಗಿದ್ದ. ಮೂರು ಸಲವೂ ಎದ್ದು ಕುಳಿತ.

"ಇನ್ನಾದ್ರೂ ಸರಿಯಾಗಿ ಪ್ರಾರ್ಥನೆ ಮಾಡೋ ದಡ್ಡ," ಎಂದ ಬುಕ್ಕಿ ಈಗ, ಮೆತ್ತಗೆ. "ಹೆಂಡತಿ ಅಲ್ವಾ."

"ಉಂಡ ಮನೆಗೆ ಎರಡು ಬಗೆಯೋದಾ?"

"ಹಾಗಾದ್ರೆ ಆ ಮನೆಯವಳನ್ನೇ ಕೇಳು. ಅಗೋ, ಬಂದಳು."

ಮುದುಕಿ ಏದುಸಿರು ಬಿಡುತ್ತ ಗಡಿಕಲ್ಲು ದಾಟಿ ಬಂದಳು. ಈ ತಿಂಗಳು ಇನ್ನಷ್ಟು ಬಾಗಿದ್ದಳು. ಶಿಲ್ಲೇಮ ಓಡಿಹೋಗಿ ಅವಳ ಕಾಲು ಹಿಡಿದುಕೊಂಡ. ಆರು ವರ್ಷ ಹೊಟ್ಟೆಗೆ ಹಾಕಿದವಳ ಮುಂದೆ ಈ ಮಾತು ಆಡಲು ನಾಚಿಕೆಯಾಯಿತು. ಆದರೆ ಯೆಮೀಮಳಿಗೆ ಹೆಚ್ಚು ದಿನವಿರಲಿಲ್ಲ.

"ಅಮ್ಮಾ, ನನ್ನನ್ನ ಮಾತಿಂದ ಬಿಡಿಸಿ. ನನ್ನ ಹೆಂಡತಿ ಸಾಯ್ತಿದ್ದಾಳೆ. ಕೊನೇ ಸಲ ಅವಳನ್ನ ನೋಡ್ಬೇಕು. ಇವತ್ತಿಂದ ನಾನು ಮಹಾಯಾಜಕರ ಸಾವನ್ನ ಬೇಡ್ತೀನಿ. ಶಾಪ ಹಾಕ್ಬೇಡಿ."

ಮುದುಕಿ ಕಾಲು ಬಿಡಿಸಿಕೊಂಡಳು.

"ಇವತ್ತಿಂದಾನಾ? ಇಷ್ಟು ದಿನ ಏನು ಬೇಡ್ತಿದ್ದೆ?"

"ನಿಮ್ಮ ಮಗ ನೂರು ವರ್ಷ ಬಾಳ್ಲಿ ಅಂತ. ನಿಮ್ಮ ರೊಟ್ಟಿ ತಿಂದು ಇನ್ನೇನು ಬೇಡ್ಲಿ? ಅವರಿಗೆ ಜ್ವರ ಬಂದಾಗಲೆಲ್ಲ ಉಪವಾಸಾನೂ ಮಾಡ್ದೆ."

ಮುದುಕಿಯ ಕೈಯಿಂದ ಗಂಟು ಜಾರಿತು. ಅವಳು ನೆಲಕ್ಕೆ ಕುಸಿದು ಎದೆ ಬಡಿದುಕೊಂಡಳು.

"ಅಯ್ಯೋ ನನ್ನ ಹಣೆಬರಹವೇ, ಮಹಾಯಾಜಕನ ತಾಯಿ ಅಂದ್ಕೊಂಡ್ಯಾ ನನ್ನ? ನಿನ್ನ ಕೊಡಲಿಗೆ ಸತ್ತ ಯೇಚೆರನ ತಾಯಿ ಕಣೋ ನಾನು! ಆ ಮರದ ಕೆಳಗೆ ಕೂತಿರೋನು ನಂಗುಳಿದ ಒಬ್ಬನೇ ಮಗ. ಮಹಾಯಾಜಕ ಬೇಗ ಸತ್ತು ಅವನು ಮನೆಗೆ ಬರೋ ಹಾಗೆ ನೀನು ಬೇಡ್ಕೋಬೇಕು ಅಂತ ತಾನೆ ಆರು ವರ್ಷ ನಿನ್ನ ಸಾಕಿದ್ದು!"