ನಿಂತಿದ್ದ ಯಂತ್ರ

ಅಪ್ಪನ ಶ್ರದ್ಧಾಂಜಲಿ ಸಭೆಯಲ್ಲಿ, ಬಲಗೈಯ ಬೆರಳುಗಳಿಲ್ಲದ ಹಳೆಯ ಕಾರ್ಮಿಕನೊಬ್ಬ ಮೈಕಿನತ್ತ ಬರುವುದನ್ನು ಕಂಡು ಮಗನ ಎದೆ ಧಸಕ್ಕೆಂದಿತು. ಆ ಬೆರಳುಗಳು ಹೋಗಿದ್ದು ಅಪ್ಪನ ಕಾರ್ಖಾನೆಯ ಯಂತ್ರದಲ್ಲಿ. ಅಪ್ಪನೇ ಕಟ್ಟಿದ ಈ ಶಾಲೆಯಲ್ಲಿ, ಇಷ್ಟು ಜನರೆದುರು, ಇವನು ಅಪ್ಪನ ಮಾನ ಕಳೆಯುತ್ತಾನೆಂದು ಹೆದರಿ ಅವನು ವೇದಿಕೆಯ ಮೇಲಿನ ಕುರ್ಚಿಯಿಂದ ಅರ್ಧ ಎದ್ದ.

"ಯಜಮಾನ್ರು ನಂಗೆ ಎಡಗೈಲಿ ಬರೆಯೋದು ಕಲಿಸಿದ್ರು," ಎಂದ ಕಾರ್ಮಿಕ. "ಸಂಜೆ ಟೇಬಲ್ ಟೆನಿಸ್‌ಗೆ ಕರೀತಿದ್ರು. ತಾವೂ ಎಡಗೈಲೇ ಆಡಿ ಸೋಲ್ತಿದ್ರು. ನನ್ನ ಬೆರಳು ಹೋದ ಯಂತ್ರಾನ ಅವತ್ತೇ ನಿಲ್ಲಿಸಿಬಿಟ್ರು."

ಮಗ ನಿರಾಳವಾಗಿ ಮತ್ತೆ ಕುಳಿತ. ಕಾರ್ಮಿಕ ಅವನತ್ತ ತಿರುಗಿದ. "ಚಿಕ್ಕ ಯಜಮಾನ್ರೇ, ಹೋದ ವಾರ ನೀವು ಅದನ್ನ ಮತ್ತೆ ಶುರು ಮಾಡ್ಸಿದ್ರಿ. ಈಗ ಅದರ ಮುಂದೆ ಕೆಲಸಕ್ಕೆ ನಿಂತಿರೋದು ನನ್ನ ಮಗಳು."

ಮಗ ಕೂಡಲೇ ಕಾರ್ಖಾನೆಗೆ ಫೋನ್ ಮಾಡಿದ. ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲವೋ ಏನೋ, ಯಾರೂ ಎತ್ತಲಿಲ್ಲ. ಅವನು ವೇದಿಕೆಯಿಂದ ಧುಮುಕಿ ಬಾಗಿಲತ್ತ ಓಡಿದ.