ಬಾಯಿ ಮುಚ್ಚಿಸಿದ ಸಾಲು

ಪುಟ ಮತ್ತೆ ಖಾಲಿಯಾಗಿಯೇ ತೆರೆದುಕೊಂಡಿತು. ಸಂಜೆ ತರಗತಿಯಲ್ಲಿ ವೆಬ್ ಪುಟ ಕಟ್ಟಲು ಕಲಿಯುತ್ತಿದ್ದ ಮಗಳು ಇದನ್ನು ನಾಳೆ ಪರೀಕ್ಷೆಯಲ್ಲಿ ತೋರಿಸಬೇಕಿತ್ತು. ಅವಳ ಕಂಪ್ಯೂಟರಿನಲ್ಲೇ ಇದ್ದ ಡೇಟಾಬೇಸ್ ಎಂಬ ಮಾಹಿತಿ ಕಣಜದಿಂದ ಈ ಪುಟವು ಹೆಸರುಗಳನ್ನು ತಂದು ತೋರಿಸಬೇಕು. ತರುತ್ತಿರಲಿಲ್ಲ, ಯಾಕೆಂದೂ ಹೇಳುತ್ತಿರಲಿಲ್ಲ.

"ಅದೇನೂ ಹೇಳಲ್ವೇನೇ?" ಮಂಚದ ಮೇಲಿಂದ ಅಮ್ಮ ಕೇಳಿದಳು.

"ನಾನೇ ಬಾಯಿ ಮುಚ್ಚಿಸಿದೀನಮ್ಮಾ." ಮೊದಮೊದಲು ತಪ್ಪುಗಳ ಸಂದೇಶ ರಾಶಿ ರಾಶಿಯಾಗಿ ಬಂದಾಗ ಹೆದರಿ, ಅವು ಕಾಣದಂತೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಿಟ್ಟಿದ್ದಳು.

"ಬಾಯಿಗೆ ಬಟ್ಟೆ ತುರುಕಿ ಏನಾಯ್ತು ಅಂತ ಕೇಳಿದ್ರೆ, ಪಾಪ, ಅದು ತಾನೇ ಏನು ಹೇಳುತ್ತೆ!" ಅಮ್ಮ ನಕ್ಕಳು.

ಮಗಳು ಆ ಸಾಲನ್ನು ಅಳಿಸಿದಳು. ಪುಟ ತಕ್ಷಣ ಮಾತಾಡಿತು: ಪಾಸ್‌ವರ್ಡ್ ತಪ್ಪು, ಡೇಟಾಬೇಸ್ ಒಳಗೆ ಬಿಡುತ್ತಿಲ್ಲ. ಇಷ್ಟೇ! ಇದು ತಿಳಿಯದೆ ಸರಿಯಿದ್ದ ಸಾಲುಗಳನ್ನೆಲ್ಲ ಕೆದಕಿದ್ದಳು.

ಗೆದ್ದ ಖುಷಿಯಲ್ಲಿ ತಿರುಗಿದರೆ, ಮೊಣಕಾಲು ಒತ್ತಿಕೊಳ್ಳುತ್ತಿದ್ದ ಅಮ್ಮ ಸರಕ್ಕನೆ ಹೊದಿಕೆ ಎಳೆದುಕೊಂಡಳು. "ಏನಿಲ್ಲ ಕಣೇ, ನೀನು ಓದ್ಕೋ." ಕಳೆದ ತಿಂಗಳು ಅಮ್ಮ ಕಾಲುನೋವಿನ ಮಾತೆತ್ತಿದಾಗ, "ಪರೀಕ್ಷೆ ಮುಗಿಯೋವರೆಗೂ ಏನೂ ಹೇಳಬೇಡಮ್ಮಾ, ನಂಗೆ ಭಯ ಆಗುತ್ತೆ" ಎಂದವಳು ತಾನೇ. ಅಂದಿನಿಂದ ಅಮ್ಮನದು ಒಂದೇ ಮಾತು, ಏನಿಲ್ಲ.

ಪಾಸ್‌ವರ್ಡ್ ತಿದ್ದದೆಯೇ ಮಗಳು ಎದ್ದು ಮಂಚದ ಅಂಚಿನಲ್ಲಿ ಕೂತು ಹೊದಿಕೆ ಸರಿಸಿದಳು. ಮೊಣಕಾಲು ಊದಿಕೊಂಡಿತ್ತು.

"ಈಗ ಹೇಳಮ್ಮಾ. ಹೆದರಲ್ಲ."

ಅಮ್ಮ ಹೊದಿಕೆಯನ್ನು ಮತ್ತೆ ಎಳೆದುಕೊಳ್ಳಲಿಲ್ಲ.

"ನಿಲ್ಲೋಕೇ ಆಗ್ತಿಲ್ಲ ಕಣೇ," ಎಂದಳು.