ಗಂಧದ ಹಾರದ ಫೋಟೊ

ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಗಂಧದ ಹಾರ, ಮುಖದಲ್ಲಿ ಎಂದೂ ಕಾಣದ ಶಾಂತಿ. ಹೈದರಾಬಾದಿನ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಅಣ್ಣ ಸಿದ್ದರಾಮಪ್ಪನ ಫೋಟೊ ಕಂಡದ್ದೇ ತಡ, ಶಂಶಾಬಾದಿನ ಮನೆಯಲ್ಲಿ ಚಹಾ ಕುಡಿಯುತ್ತಿದ್ದ ಕಲ್ಲೇಶನ ಎದೆ ಧಸಕ್ಕೆಂದಿತು. ಹಾಕಿದವಳು ಅತ್ತಿಗೆ ಸಾವಿತ್ರಿಬಾಯಿ. ಜೊತೆಗೆ ಒಂದಕ್ಷರವೂ ಇಲ್ಲ. ಕೆಳಗೆ ಬೂದೆಪ್ಪನವರ ‘ಓಂ ಶಾಂತಿ’. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು, ಆಮೇಲೆ ಮುಗಿದ ಕೈಗಳ ಸಾಲೇ ಸಾಲು.

ಅಣ್ಣನಿಗೆ ಫೋನು ಹಚ್ಚುವ ಹಾಗಿರಲಿಲ್ಲ, ಅವನು ಇವನ ನಂಬರನ್ನು ಬ್ಲಾಕ್ ಮಾಡಿ ಮೂರು ವರ್ಷವಾಗಿತ್ತು. ಅತ್ತಿಗೆಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಸಾವಿನ ಮನೆಯಲ್ಲಿ ಯಾರು ತಾನೇ ಎತ್ತುತ್ತಾರೆ ಎಂದುಕೊಂಡು ಕಲ್ಲೇಶ ಸಿಕ್ಕ ಅಂಗಿ ಸಿಕ್ಕಿಸಿಕೊಂಡು ಬಸ್ಸು ಹತ್ತಿದ.

ಜಗಳವಾದರೂ ಎಂಥದು! ಹಾಗಲಕಾಯಿಯ ನೀರು ಕುಡಿದರೆ ಸಕ್ಕರೆ ಕಾಯಿಲೆ ವಾರದಲ್ಲಿ ಮಾಯ ಎಂದು ಎಲ್ಲಿಂದಲೋ ಬಂದದ್ದನ್ನು ಅಣ್ಣ ಮನೆಮಂದಿಯ ಗ್ರೂಪಿಗೆ ಹಾಕಿದ್ದ. ‘ಅಣ್ಣಾ, ಇದು ಶುದ್ಧ ಸುಳ್ಳು, ಮಂದಿ ನಗ್ತಾರ’ ಎಂದು ತಮ್ಮ ಎಲ್ಲರೆದುರು ಬರೆದಿದ್ದ. ಗ್ರೂಪು ಮಾಡಿದವನು ಅಣ್ಣನೇ, ಹಿರಿಯ ಬೇರೆ. ತಮ್ಮನನ್ನು ಅದರಿಂದ ಕಿತ್ತುಹಾಕಿದ. ಅಣ್ಣನೇ ತಾನಾಗಿ ಸೇರಿಸಿಕೊಂಡರೆ ಸರಿ ಎಂದು ತಮ್ಮನೂ ಸೆಟೆದು ಕೂತ. ಈಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕಲ್ಲೇಶ ತನ್ನನ್ನು ತಾನೇ ಬೈದುಕೊಂಡ. ಒಂದು ಸಲ, ಬರೀ ಒಂದು ಸಲ ಹೋಗಿ ಕಾಲು ಮುಟ್ಟಿದ್ದರೆ ತನ್ನ ಗಂಟೇನು ಹೋಗುತ್ತಿತ್ತು?

ತಾರ್ನಾಕದಲ್ಲಿ ಇಳಿದು ಹೂವಿನಂಗಡಿಯ ಮುಂದೆ ನಿಂತ. ಮದುವೆಗೋ ಪೂಜೆಗೋ ಎಂದು ಹೂವಿನವಳು ತೆಲುಗಿನಲ್ಲಿ ಕೇಳಿದಳು. ಅವನು ದೊಡ್ಡ ಹಾರವೊಂದನ್ನು ತೋರಿಸಿ ಚೀಲಕ್ಕೆ ಹಾಕಿಸಿಕೊಂಡ.

ಅಣ್ಣನ ಮನೆಯ ಮುಂದೆ ಒಂದು ಜೊತೆ ಚಪ್ಪಲಿಯೂ ಕಾಣಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ನಾಲ್ಕು ಮಂದಿಯೂ ಬರಲಿಲ್ಲವೇ ಎಂದುಕೊಂಡು ಬಾಗಿಲು ತಟ್ಟಿದ. ತೆಗೆದವನು ಬನಿಯನ್, ಲುಂಗಿಯಲ್ಲಿದ್ದ ಸಿದ್ದರಾಮಪ್ಪ.

ಕಲ್ಲೇಶ ಮೆಟ್ಟಿಲ ಮೇಲೆಯೇ ಕೂತು ಸಣ್ಣ ಮಕ್ಕಳ ಹಾಗೆ ಅತ್ತ. “ಅಣ್ಣಾ, ನೀ ಅದೀಯಲ್ಲ…”

“ಅದೀನಿ. ಮತ್ತ ಎಲ್ಲಿ ಹೋಗ್ಲಿ? ಇದು ನನ್ನ ಮನಿ ಐತಿ. ಯಾಕೋ, ಏನಾತು?”

ಕಲ್ಲೇಶ ಫೋನು ತೆಗೆದು ಅಣ್ಣನ ಕೈಗಿಟ್ಟ. ಸೌಟು ಹಿಡಿದೇ ಹೊರಬಂದ ಸಾವಿತ್ರಿಬಾಯಿ ಇಣುಕಿ ನೋಡಿ ಹಣೆ ಬಡಿದುಕೊಂಡಳು. “ನಿನ್ನೆ ರಿಟೈರ್ ಆದ್ರಲ್ಲಪ್ಪಾ, ಆಫೀಸಿನ್ಯಾಗ ಸನ್ಮಾನ ಮಾಡಿದ್ರು. ಮುಖ ದೊಡ್ಡದಾಗಿ ಕಾಣ್ಲಿ ಅಂತ ಸುತ್ತಿನವರನ್ನ ಕತ್ತರಿಸಿ ಹಾಕ್ದೆ. ಬರೀಬೇಕು ಅನ್ನೋದ್ರಾಗ ಕುಕ್ಕರ್ ಸೀಟಿ ಹೊಡೀತು. ಫೋನ್ ಒಳಗ ಚಾರ್ಜಿಗೆ ಹಚ್ಚಿ ಬಂದೆ.”

ಸಿದ್ದರಾಮಪ್ಪ ಕನ್ನಡಕ ಏರಿಸಿ ಒಂದೊಂದನ್ನೇ ಓದಿದ. “ಬೂದೆಪ್ಪ… ಸೀತಾರಾಮ… ಭಾಳ ಮಂದಿ ಕೈ ಮುಗದಾರ. ಹ್ಯಾಂಗ ಸತ್ತಾ ಅಂತ ಒಬ್ಬನೂ ಕೇಳಿಲ್ಲ ನೋಡು.” ಫೋನಿನಿಂದ ತಲೆಯೆತ್ತಿ ತಮ್ಮನನ್ನು ನೋಡಿದ. ದನಿ ತಗ್ಗಿತು. “ಎದ್ದು ಬಂದಾಂವ ನೀ ಒಬ್ಬನ.”

ಕಲ್ಲೇಶ ಮೂಗು ಒರೆಸಿಕೊಂಡ. ಜೀವ ಹಗುರಾಗಿತ್ತು. ಅಷ್ಟರಲ್ಲಿ ಅಣ್ಣನ ಕಣ್ಣು ಚೀಲದ ಮೇಲೆ ಬಿತ್ತು.

“ಅದರಾಗ ಏನೈತಿ?”

“ಏನಿಲ್ಲ,” ಎಂದು ಕಲ್ಲೇಶ ಚೀಲವನ್ನು ಹಿಂದಕ್ಕೆ ಸರಿಸಿದ. ಸಾವಿತ್ರಿಬಾಯಿ ಬಿಡಬೇಕಲ್ಲ. ಇಣುಕಿ ನೋಡಿದವಳ ಮುಖ ಕಪ್ಪಿಟ್ಟಿತು. “ಅಯ್ಯ ಶಿವನ, ಇದನ್ನ ಒಳಗ ತರಬ್ಯಾಡಪ್ಪಾ, ದೂರ ಒಗದು ಬಾ.”

“ಯಾಕ ಒಗೀಬೇಕು?” ಎಂದ ಸಿದ್ದರಾಮಪ್ಪ. “ನಿನ್ನೆ ಮನಿ ಮಂದೀನೆಲ್ಲಾ ಕರದೆ, ಇವನೊಬ್ಬಂಗ ಹೇಳಲಿಲ್ಲ. ತಪ್ಪು ನಂದ. ಹಾಕೋ, ಈಗ ಹಾಕು.” ಹಾಗೆಂದು ತಮ್ಮನ ಮುಂದೆ ಕೊರಳು ಬಗ್ಗಿಸಿ ನಿಂತ.

ಕಲ್ಲೇಶ ಹಾರ ಹಾಕಿ ಕಾಲು ಮುಟ್ಟಿದ. ಅಣ್ಣ ಅವನ ರಟ್ಟೆ ಹಿಡಿದು ಎಬ್ಬಿಸಿದ. ಸಾವಿತ್ರಿಬಾಯಿಯ ಕಣ್ಣೂ ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ರೂಢಿ ನೋಡಿ, ಒಳಗೆ ಓಡಿಹೋಗಿ ತನ್ನ ಫೋನು ತಂದು ಇಬ್ಬರ ಕಡೆ ಹಿಡಿದಳು.

“ಗ್ರೂಪಿಗೆ ಹಾಕಬ್ಯಾಡ!” ಎಂದ ಅಣ್ಣ.

“ಹಾಕಬ್ಯಾಡ್ರಿ ವೈನಿ!” ಎಂದ ತಮ್ಮ, ಅದೇ ಉಸಿರಿಗೆ.

ಮೂರು ವರ್ಷಗಳಲ್ಲಿ ಅಣ್ಣ ತಮ್ಮ ಒಪ್ಪಿದ ಮೊದಲ ಮಾತು ಅದು.